ಪೆಟ್ರೋಲ್ ಅದನ್ರೀ ಸಿಸ್ಟರ್?

ಇವತ್ತು ಬೆಳಿಗ್ಗೆ ನಮ್ಮ ಓಣಿಯಲ್ಲಿ ಯಾರೋ ಗಾಡಿಗೆ ಕಿಕ್ ಹೊಡೆಯುತ್ತಿದ್ದರು. ನಾನು ನಾಷ್ಟಾಕ್ಕೆ ಮಂಡಾಳು, ಅಂದರೆ ಮಂಡಕ್ಕಿ, ನೆನೆಯಿಟ್ಟು, ಒಗ್ಗರಣೆಗೆ ಉಳ್ಳಾಗಡ್ಡಿ ಹೆಚ್ಚುತ್ತ ನಿಂತಿದ್ದೆ. ಇಂಜಿನ್ನು ಒಂದು ಸಲ ಕೆಮ್ಮುವುದು, ಸುಮ್ಮನಾಗುವುದು. ಮತ್ತೆ ಕೆಮ್ಮುವುದು, ಮತ್ತೆ ಸುಮ್ಮನಾಗುವುದು. ಈ ಸದ್ದು ಕೇಳಿ ಬಹಳ ದಿನವಾಗಿತ್ತು. ರಾಯಚೂರಿನಲ್ಲಿ ಈಗ ಎಲ್ಲರ ಗಾಡಿಯೂ ಗುಂಡಿ ಒತ್ತಿದರೆ ಚಾಲೂ ಆಗುತ್ತದೆ. ಆದರೆ ನನ್ನ ಬಲಗಾಲು ಈ ಸದ್ದನ್ನು ಮರೆತಿಲ್ಲ. ಒಲೆಯ ಮುಂದೆ ನಿಂತಲ್ಲೇ ಪಾದ ಒಂದಿಷ್ಟು ಮೇಲೆದ್ದು ಇಲ್ಲದ ಕಿಕ್ಕನ್ನು ತುಳಿಯಿತು. ಅದರ ಹಿಂದೆಯೇ ಸಿಟ್ಟು ಎದ್ದಿತು. ಹಳೆಯ ಸಿಟ್ಟು. ಇಷ್ಟು ವರ್ಷ ಮೂಲೆಯಲ್ಲಿ ನಿಂತಿದ್ದರೂ ಅದು ಮಾತ್ರ ಮೊದಲ ಕಿಕ್ಕಿಗೇ ಚಾಲೂ ಆಗುತ್ತದೆ, ನೋಡಿ.

ನಿಮಗೆ ನನ್ನ ಪರಿಚಯ ಇಲ್ಲ, ಹೇಳಿಬಿಡುತ್ತೇನೆ. ನಾನು ನಿವೃತ್ತ ನರ್ಸು. ಸರ್ಕಾರದ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಊರುಗಳಲ್ಲಿ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ನಮ್ಮಪ್ಪ ಇದೇ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ನಮ್ಮ ಓಣಿಯಲ್ಲಿ ಬಿಳಿ ಸೀರೆ ಉಟ್ಟು ಡ್ಯೂಟಿಗೆ ಹೊರಟ ಮೊದಲ ಹೆಣ್ಣುಮಗಳು ನಾನು. ಅವ್ವ ಆ ಸೀರೆಯನ್ನು ಮುಟ್ಟುವ ಮೊದಲು ಎರಡೆರಡು ಸಲ ಕೈ ತೊಳೆಯುತ್ತಿದ್ದಳು. ನನಗೆ ಸಿಕ್ಕ ಜಾಗ ಮಾನ್ವಿ ತಾಲೂಕು. ಮಾನ್ವಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ನಾನು ನೋಡಿಕೊಳ್ಳಬೇಕಾದ ಊರುಗಳು ಮಾತ್ರ ಪೋತ್ನಾಳದ ದಾರಿಯ ಆಚೆ ಈಚೆ ಚೆದುರಿಕೊಂಡಿದ್ದವು. ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಎರೆಹೊಲದ ನಡುವೆ ನಡಿಗೆ. ಮಳೆ ಬಂದರೆ ಚಪ್ಪಲಿಗೆ ಅಂಟಿದ ಎರೆಮಣ್ಣು ನನಗಿಂತ ಭಾರವಾಗುತ್ತಿತ್ತು.

ದೇವದುರ್ಗದ ಒಂದು ಶಾಲೆಯಲ್ಲಿ ನಮ್ಮಣ್ಣ ಯಲ್ಲಪ್ಪ ಗುಮಾಸ್ತನಾಗಿದ್ದ. ನನ್ನ ಕಾಲಿನ ಗುಳ್ಳೆ ನೋಡಿ ಅವನೇ ತನ್ನ ಹಳೆಯ ಗಾಡಿಯನ್ನು ಕೊಟ್ಟ. ಸಣ್ಣ ಇಂಜಿನ್ನಿನ ಸಾದಾ ಮೋಟಾರ್‌ಸೈಕಲ್ಲು. ಭಾನುವಾರ ಶಾಲೆಯ ಬಯಲಲ್ಲಿ ಹಿಂದೆ ಹಿಂದೆ ಓಡಿ ಕಲಿಸಿದ. "ಇದಕ್ಕ ಬೇಕಾಗಿದ್ದು ಮೂರs ತಂಗಿ. ಕಿಡಿ, ಪೆಟ್ರೋಲು, ಗಾಳಿ. ಮೂರೂ ಕೂಡಿದ್ರ ಇದು ನಿಂದು," ಎಂದಿದ್ದ. ನಾನು ಸೀರೆ ಬಿಟ್ಟು ಚೂಡಿದಾರಕ್ಕೆ ಬಂದದ್ದು ಅವನಿಂದ, ಅದಕ್ಕೆ ಅವ್ವನನ್ನು ಒಪ್ಪಿಸಿದವನೂ ಅವನೇ. ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿದಾಗ ಯಾರೋ ಪೆಟ್ರೋಲ್ ಕದ್ದರೆಂದು ಕೇಳಿ, ಬೀಗ ಇರುವ ಹೊಸ ಮುಚ್ಚಳವನ್ನು ಟ್ಯಾಂಕಿಗೆ ಹಾಕಿಸಿ ಕೀಲಿ ನನ್ನ ಕೈಗಿಟ್ಟ. ಇದನ್ನೆಲ್ಲ ಮೊದಲೇ ಹೇಳುತ್ತಿದ್ದೇನೆ. ಮುಂದೆ ನನ್ನ ಸಿಟ್ಟು ಅವನ ಮೇಲೂ ತಿರುಗುತ್ತದೆ; ಆಗ ನೀವು ಅವನನ್ನು ಕೆಟ್ಟವನೆಂದು ತಿಳಿಯಬಾರದು.

ಲಸಿಕೆಯ ದಿನ ನನ್ನ ಹಿಂದೆ ಶಮೀಮಾಪಾ ಕೂರುತ್ತಿದ್ದಳು. ಆಸ್ಪತ್ರೆಯ ಆಯಾ; ಆಪಾ ಎಂದರೆ ಅಕ್ಕ, ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ನನ್ನ ಅವ್ವನಿಗಿಂತ ಸ್ವಲ್ಪವೇ ಚಿಕ್ಕವಳು. ಬುರ್ಖಾ ಸರಿಮಾಡಿಕೊಂಡು, ಲಸಿಕೆಯ ನೀಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಕಡೆಗೆ ಕಾಲು ಬಿಟ್ಟು ಕೂತರೆ ತಗ್ಗು ದಿನ್ನೆ ಏನು ಬಂದರೂ ಅಲುಗಾಡುತ್ತಿರಲಿಲ್ಲ. ನಗುವುದು ಅವಳ ಹುಟ್ಟುಗುಣ. ಯಾರು ಏನೇ ಅಂದರೂ ನಕ್ಕುಬಿಡುತ್ತಿದ್ದಳು. ನಾನು ಹಾಗಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಆಪಾಳ ಹತ್ತಿರ ಇದ್ದು ಇದ್ದು ನನಗೂ ಆ ನಗು ಬರಬಹುದೆಂದು ಕಾದೆ. ಬರಲಿಲ್ಲ.

ಗಾಡಿ ನನ್ನ ಕೈಗೆ ಬಂದ ಕೆಲವು ತಿಂಗಳಿಗೆ ಒಂದು ಹೊಸ ಚಾಳಿ ಕಲಿಯಿತು. ಬೆಳಿಗ್ಗೆ ಒಳ್ಳೆಯ ಮಗುವಿನಂತೆ ಚಾಲೂ ಆಗುವುದು. ಸ್ವಲ್ಪ ದೂರ ಹೋದ ಮೇಲೆ, ದಾರಿಯ ಮಧ್ಯೆ, ಯಾರೋ ಕತ್ತು ಹಿಸುಕಿದ ಹಾಗೆ ಕುಂಯ್‌ಗುಟ್ಟಿ ನಿಂತುಬಿಡುವುದು. ಕಿಕ್ ಹೊಡೆದರೆ ಕೆಮ್ಮು. ಅರ್ಧ ತಾಸು ಬಿಟ್ಟು ಹೊಡೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ.

ರಸ್ತೆಯಲ್ಲಿ ಹೆಣ್ಣುಮಗಳೊಬ್ಬಳ ಗಾಡಿ ನಿಂತರೆ ಏನಾಗುತ್ತದೆಂಬುದು ನಿಮ್ಮಲ್ಲಿ ಹೆಂಗಸರಿಗೆ ಗೊತ್ತಿರುತ್ತದೆ. ಗಂಡಸರಿಗೆ ನಾನು ಹೇಳುತ್ತೇನೆ. ಅಲ್ಲಿಯತನಕ ಬಯಲಿನಲ್ಲಿ ಒಂದು ನಾಯಿಯೂ ಇರುವುದಿಲ್ಲ. ಗಾಡಿ ನಿಂತ ತಕ್ಷಣ ಭತ್ತದ ಗದ್ದೆಯಿಂದ ಒಬ್ಬರು, ಟ್ರ್ಯಾಕ್ಟರಿನಿಂದ ಒಬ್ಬರು, ಕಾಲುವೆಯ ಕಡೆಯಿಂದ ಒಬ್ಬರು ಬರುತ್ತಾರೆ. ಬಂದವರೆಲ್ಲ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ.

"ಪೆಟ್ರೋಲ್ ಅದನ್ರೀ ಸಿಸ್ಟರ್?"

"ಅದರೀ. ನಿನ್ನೇನs ಹಾಕಿಸೀನಿ."

"ಕೀಲಿ ಕೊಡ್ರಿ, ನೋಡೂಣು."

ನೋಡಿ, 'ಅದ' ಎಂದು ನಾನು ಹೇಳಿಯಾಗಿದೆ. ಆದರೂ ನೋಡಬೇಕು. ಪೆಟ್ರೋಲು ಇದೆಯೆಂಬುದು ನನ್ನ ಬಾಯಿಂದ ಬಂದರೆ ಇಲ್ಲದ ಹಾಗೆಯೇ. ಮುಚ್ಚಳ ತೆಗೆದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿ, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿ, 'ಹೌದು, ಅದ' ಎಂದು ತಾವೇ ಕಂಡುಹಿಡಿದವರಂತೆ ಮುಚ್ಚಿಡುವರು. ಆಮೇಲೆ ಒಬ್ಬೊಬ್ಬರದು ಒಂದೊಂದು ವಿದ್ಯೆ. ಒಬ್ಬರು ಪ್ಲಗ್ ಬಿಚ್ಚಿ ಲುಂಗಿಯ ತುದಿಯಿಂದ ಒರೆಸುವರು. ಇನ್ನೊಬ್ಬರು ವೈರು ಜಗ್ಗುವರು. ಮತ್ತೊಬ್ಬರು "ಚೋಕ್ ಎಳದs ಬಿಟ್ಟಿರಬೇಕು ನೀವು" ಎನ್ನುವರು. ಕೊನೆಗೆ ಒಂದು ಕಿಕ್ ಹೊಡೆದರೆ ಗಾಡಿ ಚಾಲೂ. "ಕಿಕ್ಕಿಗೆ ಜೋರು ಬೇಕ್ರೀ. ಹೆಣ್ಮಕ್ಕಳ ಕಾಲಾಗ ಅದು ಬರಂಗಿಲ್ಲ," ಎಂದು ಕೈ ಜಾಡಿಸಿಕೊಂಡು ಹೋಗುವರು. ಆಪಾ ನಕ್ಕು "ಶುಕ್ರಿಯಾ ಭಾಯ್" ಎನ್ನುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಗೇರು ಹಾಕುತ್ತಿದ್ದೆ.

ಅಣ್ಣನಿಗೆ ಹೇಳಿದೆ. ಅವನು ದೇವದುರ್ಗಕ್ಕೆ ಗಾಡಿ ತರಿಸಿ, ತನಗೆ ಪರಿಚಯದ ವಿರೂಪಾಕ್ಷಿ ಎಂಬ ಮೆಕ್ಯಾನಿಕ್ಕನ ಅಂಗಡಿಗೆ ಕರೆದುಕೊಂಡು ಹೋದ. ಗಾಡಿ ಓಡಿಸುವವಳು ನಾನು. ದಾರಿಯಲ್ಲಿ ನಿಲ್ಲುವವಳೂ ನಾನು. ವಿರೂಪಾಕ್ಷಿ ಮಾತಾಡಿದ್ದು ಮಾತ್ರ ಅಣ್ಣನ ಜೊತೆ.

"ಯಲ್ಲಪ್ಪಣ್ಣ, ತಂಗಿ ಹಾಫ್ ಕ್ಲಚ್ಚಿನ್ಯಾಗ ಓಡಸ್ತಾಳೇನು ಕೇಳು."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅಣ್ಣ ನನ್ನ ಕಡೆ ತಿರುಗಿ, ತರ್ಜುಮೆ ಮಾಡುವವನಂತೆ ಅದನ್ನೇ ಕೇಳಿದ. ಇಲ್ಲ ಎಂದೆ. ಅಣ್ಣ ಅವನ ಕಡೆ ತಿರುಗಿ "ಇಲ್ಲಂತ" ಎಂದ. ವಿರೂಪಾಕ್ಷಿ ನಕ್ಕ. ಕಿಡಿ ಬರುತ್ತಿಲ್ಲವೆಂದು ಹೇಳಿ ಪ್ಲಗ್ ಬದಲಿಸಿದ. ಮತ್ತೆ ನಿಂತಿತು. ಕಾಯಿಲ್ ಬದಲಿಸಿದ. ಮತ್ತೆ ನಿಂತಿತು. ಕಿಡಿಗೆ ಕರೆಂಟು ಹಂಚುವ ಕರಿ ಡಬ್ಬಿಯನ್ನೂ ಬದಲಿಸಿದ. ಗಾಡಿಗೆ ಇದಾವುದರ ಪರಿವೆಯೂ ಇರಲಿಲ್ಲ. "ಗಾಡ್ಯಾಗ ಏನೂ ಇಲ್ಲಣ್ಣ. ಓಡಿಸೋ ಕೈಯಾಗ ಅದ," ಎಂದು ಕೊನೆಯ ಸಲ ಹೇಳಿದ. ಅಣ್ಣ ಊರ ಹೊರಗಿನ ತನಕ ನನ್ನ ಜೊತೆ ಬಂದು, "ಮಾರಿಬಿಡೂಣೇನು ತಂಗಿ? ಬಸ್ಸಿಗೆ ಹೋಗು. ಹೆಣ್ಮಗಳು ದಾರ್ಯಾಗ ನಿಂತರ ನಂಗ ಜೀವ ಇರಂಗಿಲ್ಲ," ಎಂದ. ಅವನ ಕಾಳಜಿ ನಿಜವಾದದ್ದು. ಅದಕ್ಕೇ ಹೆಚ್ಚು ಸಿಟ್ಟು ಬಂತು. ಕಾಳಜಿಗೆ ಎದುರುತ್ತರ ಕೊಡುವುದು ಕಷ್ಟ.

ಇಲ್ಲಿಯವರೆಗಿನದು ನಗುತ್ತ ಹೇಳಬಹುದಾದ ಕಥೆ. ನಾನೂ ಮದುವೆ ಮುಂಜಿಯಲ್ಲಿ ನಗುತ್ತಲೇ ಹೇಳಿದ್ದೇನೆ. ಮುಂದಿನದನ್ನು ಬಿಟ್ಟುಬಿಡುತ್ತಿದ್ದೆ.

ಹಿರೇಕೊಟ್ನೆಕಲ್ ಕಡೆ, ಕಾಲುವೆಯ ನೀರು ಬಂದ ಮೇಲೆ ವಲಸೆ ಬಂದವರು ಕಟ್ಟಿಕೊಂಡ ಒಂದು ಕ್ಯಾಂಪಿನಲ್ಲಿ ಈರಮ್ಮ ಎಂಬ ಬಸುರಿ ಇದ್ದಳು. ಭತ್ತದ ನಾಟಿಗೆ ಹೋಗುವ ಹುಡುಗಿ. ಮೈಯಲ್ಲಿ ರಕ್ತ ಕಡಿಮೆ, ಚೊಚ್ಚಲು. ನೋವು ಶುರುವಾದ ಕೂಡಲೇ ಹೇಳಿ ಕಳಿಸಿ, ನಾನೇ ಜೊತೆಗಿದ್ದು ಮಾನ್ವಿಗೆ ಕರೆದೊಯ್ಯುತ್ತೇನೆ ಎಂದು ಅವಳ ಅತ್ತೆಗೆ ಹೇಳಿಟ್ಟಿದ್ದೆ. ಅವರು ಮಾತು ನಡೆಸಿದರು. ಒಂದು ಮುಂಜಾನೆ ಫೋನ್ ಬಂತು. ನಾನೊಬ್ಬಳೇ ಹೊರಟೆ. ಹಿಂದಿನ ದಿನವಷ್ಟೇ ಟ್ಯಾಂಕಿ ತುಂಬಿಸಿದ್ದೆ, ಎಲ್ಲೂ ಕೊರತೆ ಆಗಬಾರದೆಂದು. ದೊಡ್ಡ ರಸ್ತೆ ಬಿಟ್ಟು ತಿರುಗಿದ ಸ್ವಲ್ಪ ದೂರಕ್ಕೇ ಗಾಡಿ ಕುಂಯ್‌ಗುಟ್ಟಿತು.

ಹಿಂದೆಯೇ ಬಿಳಿ ಅಂಗಿಯ ಒಬ್ಬರು ತಮ್ಮ ಗಾಡಿಯಲ್ಲಿ ಬಂದು ನಿಂತರು. ಮುಖ ನೋಡಿ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

"ಪೆಟ್ರೋಲ್ ಅದನ್ರೀ ಸಿಸ್ಟರ್?"

"ಗಾಡಿ ಬಿಡ್ರೀ ಅಣ್ಣಾರ. ಕ್ಯಾಂಪಿನ್ಯಾಗ ಹೆರಿಗಿ ಅದ. ನಿಮ್ಮ ಗಾಡಿ ಮ್ಯಾಲ ನನ್ನ ಅಲ್ಲೀತನಕ ಬಿಡ್ರಿ, ಸಾಕು."

"ತಡೀರಿ, ಎರಡು ನಿಮಿಷದ ಕೆಲಸ. ಕೀಲಿ ಕೊಡ್ರಿ."

ಮುಚ್ಚಳ ತೆಗೆದು ನೋಡಿ ಮುಚ್ಚಿದರು. ತಮ್ಮ ಡಿಕ್ಕಿಯಿಂದ ಪಾನಾ ತೆಗೆದು ಪ್ಲಗ್ ಬಿಚ್ಚಿದರು. ಅದನ್ನು ಮರಳು ಕಾಗದದಿಂದ ತಿಕ್ಕಿದರು. ಊದಿದರು. ಬೆಳಕಿಗೆ ಹಿಡಿದರು. ಮತ್ತೆ ತಿಕ್ಕಿದರು. "ಅಣ್ಣಾರ, ನನ್ನ ಬಿಟ್ಟು ಬಂದು ಆಮ್ಯಾಲ ಮಾಡ್ರಿ," ಎಂದೆ. "ಆತು ಆತು," ಎಂದರು. ನಾನು ಬ್ಯಾಗು ಹಿಡಿದು ನಡೆಯತೊಡಗಿದರೆ "ಈಗ ಆಗತದ, ಎಲ್ಲಿ ಹೊಂಟ್ರಿ ಬಿಸಲಾಗ," ಎಂದು ಕೂಗಿದರು. ಆ ಮನುಷ್ಯನಿಗೆ ಇಂಜಿನ್ನಿನ ಮುಂದೆ ಸೋಲಲು ಮನಸ್ಸಿರಲಿಲ್ಲ, ಅಷ್ಟೇ. ನಾನು ನಡೆದೆ. ಬಿಸಿಲು ಏರಿತ್ತು. ಅರ್ಧ ದಾರಿ ಆಗಿರಬೇಕು, ಆತ ನನ್ನ ಗಾಡಿಯನ್ನೇ ಓಡಿಸಿಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸಿ, "ನೋಡ್ರಿ, ಪ್ಲಗ್ಗಿನ್ಯಾಗ ಕಸ ಇತ್ತು," ಎಂದರು. ಮುಖದಲ್ಲಿ ಹಬ್ಬ.

ನಾನು ಕ್ಯಾಂಪು ಮುಟ್ಟುವಷ್ಟರಲ್ಲಿ ಗುಡಿಸಲಿನ ಮಣ್ಣು ನೆಲದ ಮೇಲೆ ಕೂಸು ಹುಟ್ಟಿತ್ತು. ಹೆಣ್ಣು. ಅಳುತ್ತಿತ್ತು, ಗಟ್ಟಿಯಾಗಿತ್ತು. ಆದರೆ ಈರಮ್ಮನಿಗೆ ರಕ್ತ ನಿಂತಿರಲಿಲ್ಲ. ಇಂಜೆಕ್ಷನ್ ಕೊಟ್ಟು, ಹೊಟ್ಟೆ ಅಮುಕಿ ಹಿಡಿದು, ಸಿಕ್ಕ ಟಂಟಂ ಆಟೋದಲ್ಲಿ ಹಾಕಿಕೊಂಡು ಮಾನ್ವಿಗೆ ಹೊರಟೆ. ದಾರಿಯುದ್ದಕ್ಕೂ ಅವಳ ಕೆನ್ನೆ ತಟ್ಟುತ್ತ, "ಈರಮ್ಮ, ಕಣ್ಣು ತೆರಿ, ನನ್ನ ನೋಡು," ಎನ್ನುತ್ತಲೇ ಇದ್ದೆ. ಅವಳ ತುಟಿ ಸುಣ್ಣದ ಗೋಡೆಯಾಗಿತ್ತು. ಬದುಕಿದಳು. ಬದುಕಿದಳೆಂದು ಈಗ ಒಂದೇ ಮಾತಿನಲ್ಲಿ ಬರೆಯುತ್ತಿದ್ದೇನೆ. ಅವತ್ತು ಸಂಜೆಯವರೆಗೂ ಯಾರೂ ಆ ಮಾತು ಹೇಳಲಿಲ್ಲ. ಆಸ್ಪತ್ರೆಯ ಕಟ್ಟೆಯ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡ ಅವಳ ಅತ್ತೆ ನನ್ನ ಮುಖ ನೋಡದೆ ಅಂದಳು:

"ನಿನ್ನ ಗಾಡಿ ಬರೂದ್ರಾಗ ಕೂಸs ಬಂತು ನೋಡವ್ವ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸುದ್ದಿ ಹಬ್ಬಿತು. ತಿಂಗಳ ಸಭೆಯಲ್ಲಿ ನಮ್ಮ ಡಾಕ್ಟರು ಎಲ್ಲರ ಮುಂದೆ, "ಸಿಸ್ಟರ್, ನಿಮಗ ಬೈಕಿನ ಶೋಕಿ ಯಾಕ್ರೀ? ಬರಂಗಿಲ್ಲ ಅಂದ್ರ ಬಿಡಬೇಕು," ಎಂದರು. ಗಂಡಸು ನೌಕರರು ಗೊಳ್ಳೆಂದರು. ಒಬ್ಬರು "ಪೆಟ್ರೋಲ್ ಹಾಕಿಸಿರಂಗಿಲ್ಲ ಬಿಡ್ರಿ ಸರ್," ಎಂದರು. ಹಿಂದಿನ ಸಾಲಿನಲ್ಲಿ ಆಪಾ ಕೂಡ ಅಭ್ಯಾಸಬಲದಿಂದ ಸಣ್ಣಗೆ ನಕ್ಕಳು. ನಾನು ತಿರುಗಿ ನೋಡಿದೆ. ಅವಳ ನಗು ಅಲ್ಲೇ ನಿಂತಿತು.

ಕೋಣೆಗೆ ಬಂದು ಊಟ ಮಾಡದೆ ಕುಳಿತೆ. ಸಿಟ್ಟಿನಲ್ಲಿ ತಲೆ ಓಡುವುದಿಲ್ಲವೆನ್ನುತ್ತಾರೆ. ನನಗೆ ಅವತ್ತಿನ ಹಾಗೆ ತಲೆ ಯಾವತ್ತೂ ಓಡಿಲ್ಲ. ಜ್ವರವೆಂದು ಒಬ್ಬರು ಬಂದರೆ ನಾವು ಮೊದಲು ಏನು ಕೇಳುತ್ತೇವೆ? ಯಾವಾಗ ಬರುತ್ತದೆ, ಚಳಿಯಿಟ್ಟು ಬರುತ್ತದೋ, ದಿನಾ ಬರುತ್ತದೋ ದಿನ ಬಿಟ್ಟು ದಿನವೋ, ಏನು ಮಾಡಿದರೆ ಇಳಿಯುತ್ತದೆ. ಇಷ್ಟು ಜನ ನನ್ನ ಗಾಡಿಗೆ ಕೈ ಹಾಕಿದರಲ್ಲ, ಅದು ಯಾವಾಗ ನಿಲ್ಲುತ್ತದೆಂದು ಒಬ್ಬರಾದರೂ ಕೇಳಿದರೇ? ಯಾರೂ ಕೇಳದ್ದರಿಂದ ನಾನೂ ಹೇಳಿರಲಿಲ್ಲ. ಹೇಳದ್ದರಿಂದ ನನಗೂ ಅದು ಕಂಡಿರಲಿಲ್ಲ. ಅವತ್ತು ಕಂಡಿತು. ಪೆಟ್ರೋಲು ತಳದಲ್ಲಿದ್ದಾಗ ಗಾಡಿ ಊರೆಲ್ಲ ಸುತ್ತಿ ಬರುತ್ತದೆ. ಟ್ಯಾಂಕಿ ತುಂಬಿಸಿದ ದಿನ ಬೇಗ ನಿಲ್ಲುತ್ತದೆ. ಹೊಟ್ಟೆ ತುಂಬಿದಾಗಲೇ ಉಸಿರು ಕಟ್ಟುವ ಈ ರೋಗ ಯಾವುದು?

ಮುಂದಿನ ಲಸಿಕೆಯ ದಿನ ಬೇಕೆಂದೇ ಟ್ಯಾಂಕಿ ತುಂಬಿಸಿದೆ. ಡಬ್ಬಿಯನ್ನು ಆಪಾ ಹಿಡಿದಿದ್ದಳು. ಪೋತ್ನಾಳ ಇನ್ನೂ ದೂರವಿರುವಾಗ ಗಾಡಿ ನಿಂತಿತು. ಈ ಸಲ ಹೊಲದಿಂದ ಯಾರಾದರೂ ರಸ್ತೆಗೆ ಬರುವ ಮೊದಲೇ ನಾನು ಬ್ಯಾಗಿನಿಂದ ಪಾನಾ ತೆಗೆದೆ. ಅಷ್ಟು ಗಂಡಸರು ಕಣ್ಣೆದುರು ಪ್ಲಗ್ ಬಿಚ್ಚಿದ್ದರು. ಬಿಚ್ಚುವುದು ನನಗೆ ಬಾಯಿಪಾಠವಾಗಿತ್ತು. ಅವರೆಲ್ಲ ಒರೆಸುತ್ತಿದ್ದರು. ಕಿಡಿ ಬರುತ್ತದೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ. ಪ್ಲಗ್ಗನ್ನು ಅದರ ಟೊಪ್ಪಿಗೆಗೇ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ, ಕಿಕ್ ಹೊಡೆದರೆ ತುದಿಯಲ್ಲಿ ನೀಲಿ ಕಿಡಿ ಕಾಣಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ಏನು ಕಂಡೀತು?

"ಆಪಾ, ಕತ್ತಲಿ ಬೇಕು."

"ಹಾಡುಹಗಲಿ ನಾನೆಲ್ಲಿಂದ ತರ್ಲಿ ಬೇಟಿ ಕತ್ತಲಿ?" ಎಂದಳು. ಆಮೇಲೆ ತನ್ನ ಬುರ್ಖಾದ ಅಂಚನ್ನು ನೋಡಿಕೊಂಡು, ಇಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅದನ್ನೇ ಡೇರೆಯಂತೆ ಪ್ಲಗ್ಗಿನ ಮೇಲೆ ಹರವಿ ತಲೆ ಒಳಗೆ ಹಾಕಿದಳು. ನಾನು ಕಿಕ್ ಹೊಡೆದೆ.

"ಅದ," ಎಂದಿತು ಒಳಗಿನ ದನಿ. "ಕಿಡಿ ಅದ. ನೀಲಿ ಅದ. ಇನ್ನೊಮ್ಮಿ ಹೊಡಿ." ಹೊಡೆದೆ. ಆಕೆ ಎಲ್ಲಿಗೆ ಕೈ ಹಚ್ಚಿದಳೋ, "ಯಾ ಅಲ್ಲಾ, ಕಡೀತು," ಎಂದು ಡೇರೆಯ ಸಮೇತ ಹಿಂದಕ್ಕೆ ಕೂತಳು.

ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಗಾಡಿ ನಿಧಾನ ಮಾಡಿ "ಪೆಟ್ರೋಲ್ ಅದನ್ರೀ?" ಎಂದ. ನಾನು ಪ್ಲಗ್ಗಿನ ಕಡೆಗೇ ಬಗ್ಗಿದೆ.

ಕಿಡಿ ಇದೆ. ಹಾಗಾದರೆ ಪ್ಲಗ್ಗು, ಕಾಯಿಲ್ಲು, ಕರಿ ಡಬ್ಬಿ ಎಲ್ಲವೂ ನಿರಪರಾಧಿಗಳು. ಪ್ಲಗ್ಗನ್ನು ಮೂಸಿ ನೋಡಿದೆ. ಒಣಗಿತ್ತು, ಪೆಟ್ರೋಲಿನ ವಾಸನೆಯೇ ಇರಲಿಲ್ಲ. ಟ್ಯಾಂಕಿ ತುಂಬಿದೆ, ಇಂಜಿನ್ನು ಉಪವಾಸ. ಟ್ಯಾಂಕಿಯಿಂದ ಇಳಿದು ಬರುವ ಸಣ್ಣ ಪೈಪನ್ನು ಕಿತ್ತೆ. ನಾಲ್ಕು ಹನಿ ಬಿತ್ತು, ನಿಂತಿತು. ಸಲೈನ್ ಬಾಟಲಿಗೆ ಗಾಳಿ ಹೋಗದಿದ್ದರೆ ಹನಿ ನಿಲ್ಲುತ್ತದೆ. ನಾನು ಎಷ್ಟು ಸಲ ಆ ಗಾಜಿನ ಬಾಟಲಿಗಳಿಗೆ ಗಾಳಿಯ ಸೂಜಿ ಚುಚ್ಚಿದ್ದೇನೋ ಲೆಕ್ಕವಿಲ್ಲ. ಕೀಲಿ ತೆಗೆದು ಟ್ಯಾಂಕಿಯ ಮುಚ್ಚಳ ತಿರುವಿದೆ. ಒಳಗೆ ಯಾರೋ ಬಹಳ ಹೊತ್ತು ಹಿಡಿದಿಟ್ಟ ಉಸಿರನ್ನು ಎಳೆದುಕೊಂಡ ಹಾಗೆ ಸುಂಯ್ ಎಂದಿತು. ಮರುಕ್ಷಣ ಪೈಪಿನಿಂದ ಪೆಟ್ರೋಲು ಧಾರೆಯಾಗಿ ನನ್ನ ಪಾದದ ಮೇಲೆ ಸುರಿಯಿತು.

ಅಣ್ಣ ಹಾಕಿಸಿದ ಬೀಗದ ಮುಚ್ಚಳ. ಅದರೊಳಗೆ ಗಾಳಿಗೆಂದು ಒಂದು ಸಾಸಿವೆಯಷ್ಟು ತೂತು ಇತ್ತು. ಒಳಗಿನ ರಬ್ಬರು ಜರುಗಿ ಅದರ ಮೇಲೆ ಕೂತುಬಿಟ್ಟಿತ್ತು. ಪೆಟ್ರೋಲು ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕಿಯೇ ಪೆಟ್ರೋಲನ್ನು ಹಿಡಿದುಕೊಳ್ಳುತ್ತದೆ. ತುಂಬಿದ ಟ್ಯಾಂಕಿಯಲ್ಲಿ ಇರುವುದೇ ಚೂರು ಗಾಳಿ, ಅದಕ್ಕೇ ಬೇಗ. ಸೂಜಿಯ ತುದಿಯಿಂದ ರಬ್ಬರನ್ನು ಸರಿಸಿದೆ. ಪೈಪು, ಪ್ಲಗ್ಗು ಹಾಕಿದೆ. ಮೊದಲ ಕಿಕ್ಕು. ಹೆಣ್ಣುಮಗಳ ಕಾಲಿನ ಕಿಕ್ಕು.

ಸಂತೋಷ ಪಡಬೇಕಾದ ಹೊತ್ತು. ಆಪಾ ಚಪ್ಪಾಳೆ ತಟ್ಟುತ್ತಿದ್ದಳು. ನಾನು ಹ್ಯಾಂಡಲ್ ಹಿಡಿದು ನಿಂತವಳು ನಿಂತೇ ಇದ್ದೆ. ನನಗೆ ಇನ್ನೊಂದು ಅರ್ಥವಾಗುತ್ತಿತ್ತು. ಇಷ್ಟು ದಿನ ಗಾಡಿ ರಿಪೇರಿ ಮಾಡಿದವರೆಲ್ಲ ಏನು ಮಾಡಿದ್ದರು? ನನ್ನ ಮಾತು ನಂಬದೆ ಮುಚ್ಚಳ ತೆಗೆದಿದ್ದರು, ಅಷ್ಟೇ. ಗಾಳಿ ಒಳಗೆ ಹೋಗುತ್ತಿತ್ತು. ಆಮೇಲೆ ಒರೆಸಿದ್ದು, ಜಗ್ಗಿದ್ದು, ಊದಿದ್ದು ಎಲ್ಲ ಬರೀ ಹೊತ್ತು ಹಾಳು. ಬಿಳಿ ಅಂಗಿಯವರು ಮುಚ್ಚಳ ತೆಗೆದು ಮುಚ್ಚಿದ ಆ ಗಳಿಗೆಯಲ್ಲೇ ಗಾಡಿ ಸರಿಯಾಗಿತ್ತು. ಆಗಲೇ ಒಂದು ಕಿಕ್ ಹೊಡೆದಿದ್ದರೆ ನಾನು ಈರಮ್ಮನ ಕೈ ಹಿಡಿದಿರುತ್ತಿದ್ದೆ. ಅವರು ಮರಳು ಕಾಗದ ಹುಡುಕುತ್ತಿದ್ದರು. ಅವಳು ನೆಲದ ಮೇಲೆ ಹೆರುತ್ತಿದ್ದಳು.

ಭಾನುವಾರ ದೇವದುರ್ಗಕ್ಕೆ ಹೋದೆ, ಗಾಡಿಯಲ್ಲೇ. ಅಣ್ಣನನ್ನು ಕರೆದುಕೊಂಡು ನೇರ ಗ್ಯಾರೇಜಿಗೆ. ವಿರೂಪಾಕ್ಷಿಯ ಮುಂದೆ ಮುಚ್ಚಳ ಇಟ್ಟು ಎಲ್ಲವನ್ನೂ ಹೇಳಿದೆ. ಆತ ಅದನ್ನು ತಿರುಗಿಸಿ ನೋಡಿ, ಅಣ್ಣನಿಗೆ, "ಹೊಸ ಕಾಯಿಲ್ ಈಗ ಸೆಟ್ ಆಗ್ಯಾದ ನೋಡಣ್ಣ, ಅದಕ್ಕ ಓಡಾಕತ್ಯಾದ," ಎಂದ.

ಅಣ್ಣ ನನ್ನನ್ನು ಕೇಳಿದ, "ಯಾರು ರಿಪೇರಿ ಮಾಡಿದ್ರು ತಂಗಿ ಇದನ್ನ?"

"ನಾನು."

"ಅಲ್ಲ, ಹೇಳಿಕೊಟ್ಟವ್ರು ಯಾರು?"

ಆಗ ನಾನು ಕೂಗಾಡಿದೆ ಎಂದು ದೇವದುರ್ಗದಲ್ಲಿ ಹೇಳುತ್ತಾರೆ. ಕೂಗಾಡಲಿಲ್ಲ. ಗ್ಯಾರೇಜಿನ ಮಧ್ಯೆ ನಿಂತು, "ವಿರೂಪಾಕ್ಷಿ, ನನ್ನ ಹಳೇ ಕಾಯಿಲ್ಲು, ಕರಿ ಡಬ್ಬಿ ಎರಡೂ ಚಲೋ ಇದ್ದುವು. ಅವನ್ನ ತಂದು ಇಲ್ಲಿಡು. ಅಣ್ಣನ ಮುಖ ನೋಡಬ್ಯಾಡ. ನಿನ್ನ ಜೋಡಿ ಮಾತಾಡಾಕತ್ತಾಕಿ ನಾನು," ಎಂದೆ. ರಸ್ತೆಯಲ್ಲಿ ಜನ ನಿಂತರು. ಆತ ಕೊನೆಗೆ ಎದ್ದು ಹೋಗಿ, ಇನ್ನೊಬ್ಬರ ಗಾಡಿಗೆ ಹಾಕಿಟ್ಟಿದ್ದ ಆ ಎರಡನ್ನೂ ಬಿಚ್ಚಿ ತಂದು ನನ್ನ ಕೈಗೇ ಕೊಟ್ಟ. ಮೊದಲ ಸಲ ನನ್ನ ಕಡೆ ನೋಡಿ "ತಗೋರಿ ಸಿಸ್ಟರ್" ಎಂದ. ಮನೆಯ ಹತ್ತಿರ ಬಂದಾಗ ಅಣ್ಣ "ಅಷ್ಟು ಸಿಟ್ಟು ಬ್ಯಾಡಾಗಿತ್ತು," ಎಂದ. ಗಾಡಿ ಮಾರುವ ಮಾತು ಮಾತ್ರ ಆಮೇಲೆ ಎತ್ತಲಿಲ್ಲ. ಆ ಗಾಡಿಯ ಮೇಲೆ ಕಲ್ಲೂರಿನವರೆಗಿನ ಊರುಗಳನ್ನೆಲ್ಲ ಸುತ್ತಿದೆ. ಮತ್ತೆ ಯಾವ ಹೆರಿಗೆಗೂ ಅದರಿಂದಾಗಿ ತಡವಾಗಲಿಲ್ಲ.

ಇಷ್ಟನ್ನು ಮಧ್ಯಾಹ್ನದವರೆಗೆ ಬರೆದು, ಮನಸ್ಸು ತಡೆಯದೆ ಮಾನ್ವಿಗೆ ಫೋನ್ ಹಚ್ಚಿದೆ. ಆಪಾಗೆ ಈಗ ಕಿವಿ ಮಂದ. ಬುರ್ಖಾದ ಡೇರೆಯ ಕಥೆ ನೆನಪಿಸಿದೆ. ಮೊದಲಿನ ಹಾಗೆಯೇ ನಕ್ಕಳು. ನಾನು, "ಆಪಾ, ನಿಮ್ಮ ಹಂಗ ನಕ್ಕೊಂತ ಇರಾಕ ನಂಗ ಕಡೀತನಕ ಬರಲಿಲ್ಲ. ಬರೀ ಸಿಟ್ಟಿನ್ಯಾಗ ಜಲ್ಮ ಕಳದೆ," ಎಂದೆ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

"ಅವತ್ತ ಮೀಟಿಂಗಿನ್ಯಾಗ ನೀ ನನ್ನ ತಿರುಗಿ ನೋಡಿದೆಲ್ಲ ಬೇಟಿ," ಎಂದಳು. "ಮನಿಗಿ ಹೋಗಿ ಅತ್ತೆ. ನಾ ಎಲ್ಲಾರಿಗೂ ನಕ್ಕೆ. ಬಾಡಿಗಿ ಮನಿ ಮಾಲಕನಿಗಿ ನಕ್ಕೆ, ಡಾಕ್ಟರಿಗಿ ನಕ್ಕೆ, ಮನ್ಯಾಗೂ ನಕ್ಕೆ. ನನ್ನ ನಗಿಗೆ ಏನೂ ರಿಪೇರಿ ಆಗಲಿಲ್ಲ. ನೀ ಸಿಟ್ಟಿಗೆದ್ದಿ, ಗಾಡಿ ಚಾಲೂ ಆತು."

ಫೋನ್ ಇಟ್ಟು ಬಂದು, ಬರೆದದ್ದನ್ನು ಮೊದಲಿನಿಂದ ಓದಿದೆ. ಅಲ್ಲಲ್ಲಿ ನಿಮ್ಮಲ್ಲಿ ಕ್ಷಮೆ ಕೇಳಿದ್ದೆ. ಮಾತು ಖಾರವಾದರೆ ಮನ್ನಿಸಿ, ಹಳೆಯ ಕಥೆ, ಮುದುಕಿಯ ಕೋಪ ಎಂದೆಲ್ಲ ಬರೆದಿದ್ದೆ. ಪೆನ್ನು ತೆಗೆದುಕೊಂಡು ಆ ಸಾಲುಗಳನ್ನೆಲ್ಲ ಹೊಡೆದುಹಾಕಿದೆ.